ಮದ್ದಿನ ವಿಷಕ್ಕೆ ಸೊಪ್ಪಿನ ಅನುಪಾನ

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಇರುವ ಅರ್ಥಗಳನ್ನು ಒಮ್ಮೆ ಎಣಿಸಿ ನೋಡಬೇಕು. ಜ್ವರ ಬಂದವನಿಗೆ ಕುಡಿಸುವುದು ಮದ್ದು. ಕೋವಿಗೆ ತುಂಬುವುದೂ ಮದ್ದು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಿರಲೆಂದು ನಮ್ಮ ಕಡೆಯವರು ಮರ ಹತ್ತಿ ಬಿಡುವ ಮೈಲುತುತ್ತು ಸುಣ್ಣಗಳ ನೀರೂ ಮದ್ದೇ. ಹಗೆಗಳು ಅನ್ನದಲ್ಲಿ ಬೆರೆಸಿ ಇಕ್ಕಿದರೆಂದು ಹಿಂದಿನವರು ಅಂಜುತ್ತಿದ್ದುದೂ ಮದ್ದೇ. ಬದುಕಿಸುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರಿಟ್ಟ ಪೂರ್ವಿಕರಿಗೆ ಮಾತಿನ ಬಡತನವಿತ್ತೆಂದು ನಾನು ತಿಳಿಯಲಾರೆ. ಎರಡರ ನಡುವಣ ಗೋಡೆ ಬಹು ತೆಳುವೆಂಬುದನ್ನು ಅವರು ಬಲ್ಲವರಾಗಿದ್ದರೆಂದೇ ನನ್ನ ಎಣಿಕೆ.

ಅರ್ಬುದ ರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ಇಂದಿನ ಆಸ್ಪತ್ರೆಗಳಲ್ಲಿ ಕೊಡುವ ಕೀಮೋಥೆರಪಿಗೆ ಈ ಹೆಸರು ಒಪ್ಪುವಷ್ಟು ಬೇರಾವ ಚಿಕಿತ್ಸೆಗೂ ಒಪ್ಪದು. ಬೇಗ ಬೇಗ ಒಡೆದು ಇಮ್ಮಡಿಸುವ ಜೀವಕೋಶಗಳನ್ನು ಕೊಲ್ಲುವುದು ಅದರ ಕೆಲಸ. ಗಡ್ಡೆಯ ಕೋಶಗಳು ಹಾಗೆ ಬೆಳೆಯತಕ್ಕವು, ನಿಜ. ಆದರೆ ಬಾಯೊಳಗಿನ ತೆಳುಪೊರೆ, ಕರುಳಿನ ಒಳಗೋಡೆ, ಕೂದಲಿನ ಬುಡ, ನೆತ್ತರು ಹುಟ್ಟುವ ಮೂಳೆಯ ಮಜ್ಜೆ, ಇವೂ ಹಾಗೆಯೇ ಬೆಳೆಯತಕ್ಕವು. ಹಗೆ ಯಾರು ನಂಟ ಯಾರು ಎಂಬ ವಿವೇಕ ಮದ್ದಿಗೆ ಅಷ್ಟಾಗಿ ಇಲ್ಲ. ಆದುದರಿಂದಲೇ ವಾಂತಿ, ಬಾಯಿಹುಣ್ಣು, ಭೇದಿ, ಕೂದಲುದುರುವಿಕೆ, ರಕ್ತಕಣಗಳ ಕುಸಿತ ಮುಂತಾದ ಉಪದ್ರವಗಳು ರೋಗದ ಕಷ್ಟಕ್ಕೆ ಜೊತೆಯಾಗುತ್ತವೆ.

ನಾನಿರುವ ಪಾಣೆಮಂಗಳೂರು ನೇತ್ರಾವತಿಯ ತೆಂಕಣ ದಂಡೆಯ ಹಳೆಯ ಪೇಟೆ. ಆಚೆ ದಂಡೆಯಲ್ಲಿ ಬಂಟ್ವಾಳ. ಮಂಗಳೂರಿಗೆ ಇಲ್ಲಿಂದ ಸುಮಾರು ೨೫ ಕಿಲೋಮೀಟರಿನ ದಾರಿ. ಅಲ್ಲಿ ಈ ರೋಗಕ್ಕೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಹಲವಿರುವುದರಿಂದ, ನಮ್ಮ ಕಡೆಯ ರೋಗಿಗಳು ಬೆಳಗ್ಗೆ ಹೊರಟು, ಔಷಧ ಏರಿಸಿಕೊಂಡು, ಸಂಜೆಗೆ ಮನೆ ಸೇರುವುದು ಈಗ ಅಪರೂಪವಲ್ಲ. ಮರುದಿನದಿಂದ ನೋಡಲು ಬರುವವರ ಸಾಲು. ಬಂದವರ ಕೈಯಲ್ಲಿ ಒಂದೊಂದು ಸೊಪ್ಪು, ಬಾಯಲ್ಲಿ ಒಂದೊಂದು ಉಪಾಯ. ವಾಂತಿಗೆ ಶುಂಠಿಯ ಕಷಾಯ, ಬಾಯಿರುಚಿಗೆ ಪುನರ್ಪುಳಿಯ ಸಾರು, ತಂಪಿಗೆ ಒಂದೆಲಗದ ತಂಬುಳಿ, ನೆತ್ತರಿಗೆ ಅಮೃತಬಳ್ಳಿ. ಯಾರ ಮಾತಿನಲ್ಲೂ ಕೆಡುಕಿಲ್ಲ. ನೆರೆಮನೆಯ ಹಿರಿಯ ಹೆಂಗಸೊಬ್ಬರು, ಸೊಸೆಗೆ ಚಿಕಿತ್ಸೆ ನಡೆಯುತ್ತಿದ್ದ ಕಾಲದಲ್ಲಿ, ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದರು: “ಮಾಸ್ಟ್ರೇ, ಡಾಕ್ಟ್ರ ಹತ್ರ ಕೇಳಿದ್ರೆ ಬೈತಾರೆ. ಕೇಳದೆ ಕೊಟ್ರೆ ನಮಗೇ ಹೆದರಿಕೆ ಆಗ್ತದೆ. ಎಂತ ಮಾಡುವುದು?” ಕನ್ನಡ ಪಾಠ ಹೇಳುವವನಿಗೆ ಇದಕ್ಕೆ ಚಿಕಿತ್ಸೆಯ ಉತ್ತರ ಕೊಡುವ ಅಧಿಕಾರವಿಲ್ಲ. ಆದರೆ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಓದಿ ತಿಳಿದಷ್ಟನ್ನು ಹೇಳುವ ಅಧಿಕಾರ ಯಾರಿಗೂ ಉಂಟು.

ಮೊದಲು ನಮ್ಮ ಹಳೆಯ ಗ್ರಂಥಕಾರರ ಕಡೆಗೆ ಒಂದು ನೋಟ. ೧೦೨೫ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಯೂ ಮರಗಿಡಗಳ ಆರೈಕೆಯೂ ವಿಷವೈದ್ಯವೂ ಒಂದೇ ಹೊತ್ತಗೆಯ ಅಧ್ಯಾಯಗಳು. ಅಡುಗೆಮನೆಗೂ ಮದ್ದಿನ ಪೆಟ್ಟಿಗೆಗೂ ನಡುವೆ ಆಗಿನವರು ದೊಡ್ಡ ಬೇಲಿ ಹಾಕಿರಲಿಲ್ಲ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. ಮದ್ಯ ಮಾಂಸ ಮಧುಗಳನ್ನು ಬಿಟ್ಟು ವೈದ್ಯ ಹೇಳುವ ಜೈನ ಪದ್ಧತಿ ಅದು. ಭಾರವೆಲ್ಲ ಗಿಡಮೂಲಿಕೆಗಳ ಮೇಲೆಯೇ ಬೀಳತಕ್ಕದ್ದು. ಹದಿನಾಲ್ಕನೆಯ ಶತಮಾನದ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವಂತೂ ವಿಷಕ್ಕೇ ಮೀಸಲಾದ ಕಾವ್ಯ. ಗಿಡಗಳಿಂದ ಬರುವ ಸ್ಥಾವರವಿಷ, ಪ್ರಾಣಿಗಳಿಂದ ಬರುವ ಜಂಗಮವಿಷ ಎಂದು ವಿಭಾಗಿಸಿ, ಅವಕ್ಕೆ ಪ್ರತೀಕಾರಗಳನ್ನು ಹೇಳಿದ ಗ್ರಂಥ.

ಇವುಗಳಲ್ಲಿ ಇಂದಿನ ಕೀಮೋಥೆರಪಿ ಆಗಲೇ ಇತ್ತೆಂದು ಹೇಳುವ ಚಪಲ ನನಗಿಲ್ಲ. ಆ ಪರಂಪರೆಯಿಂದ ನಾನು ಎತ್ತಿಕೊಳ್ಳುವುದು ಒಂದೇ ಒಂದು ಮಾತನ್ನು: ‘ಅನುಪಾನ’. ಮದ್ದಿನ ಜೊತೆಗೆ ಅಥವಾ ಮದ್ದಿನ ಹಿಂದೆ ಕೊಡುವ ಬಿಸಿನೀರು, ಹಾಲು, ಶುಂಠಿಯ ರಸ ಮುಂತಾದವು ಅನುಪಾನಗಳು. ಗುಳಿಗೆ ಒಂದೇ ಆದರೂ ಅನುಪಾನ ಬದಲಾದರೆ ಅದರ ನಡತೆ ಬದಲಾಗುತ್ತದೆ ಎಂಬುದು ಆಯುರ್ವೇದದ ತಿಳಿವಳಿಕೆ. ಇದರಲ್ಲಿ ನಾವು ಮರೆತ ಅಂಶವೊಂದಿದೆ. ಅನುಪಾನವನ್ನು ಗೊತ್ತುಮಾಡುವವನು ಮದ್ದು ಕೊಟ್ಟ ವೈದ್ಯನೇ. ಅವನಿಗೆ ತಿಳಿಯದಂತೆ ಕೊಟ್ಟದ್ದು ಅನುಪಾನವೆನಿಸದು.

ಇನ್ನು ಕೀಮೋಥೆರಪಿಯ ಹುಟ್ಟಿಗೆ ಬರೋಣ. ಒಂದನೆಯ ಮಹಾಯುದ್ಧದಲ್ಲಿ, ೧೯೧೭ರಿಂದ, ಸಾಸಿವೆ ಅನಿಲ ಎಂಬ ವಿಷವನ್ನು ಸೈನಿಕರ ಮೇಲೆ ಪ್ರಯೋಗಿಸಿದರು. ಹೆಸರು ವಾಸನೆಯಿಂದ ಬಂದುದು. ನಮ್ಮ ಒಗ್ಗರಣೆಯ ಸಾಸಿವೆಗೂ ಅದಕ್ಕೂ ಸಂಬಂಧವಿಲ್ಲ. ಅದರ ದಾಯಾದಿಯಾದ ನೈಟ್ರೋಜನ್ ಮಸ್ಟರ್ಡನ್ನು ೧೯೪೨ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಗುಡ್‌ಮನ್, ಗಿಲ್ಮನ್ ಎಂಬವರ ತಂಡ ದುಗ್ಧಗ್ರಂಥಿಗಳ ಕ್ಯಾನ್ಸರಿನ ರೋಗಿಯೊಬ್ಬನಿಗೆ ಕೊಟ್ಟಿತು. ಗಡ್ಡೆ ಕರಗಿತು, ಕೆಲಕಾಲದ ಬಳಿಕ ಮರಳಿ ಬಂತು. ಯುದ್ಧದ ಗುಟ್ಟಾದುದರಿಂದ ಈ ಸಂಗತಿ ಪ್ರಕಟವಾದುದು ೧೯೪೬ರಲ್ಲಿ. ನಡುವೆ ೧೯೪೩ರ ಡಿಸೆಂಬರ್ ೨ರಂದು ಇಟಲಿಯ ಬಾರಿ ಬಂದರಿನ ಮೇಲೆ ಬಾಂಬು ಬಿದ್ದು, ಸಾಸಿವೆ ಅನಿಲದ ಬಾಂಬುಗಳನ್ನು ಗುಟ್ಟಾಗಿ ಹೊತ್ತಿದ್ದ ಅಮೆರಿಕದ ಹಡಗೊಂದು ನಾಶವಾಯಿತು. ಆ ವಿಷ ತಾಗಿದವರಲ್ಲಿ ಬಿಳಿಯ ರಕ್ತಕಣಗಳು ಕುಸಿದುದನ್ನು ಸೈನ್ಯದ ವೈದ್ಯ ಅಲೆಕ್ಸಾಂಡರ್ ಬರೆದಿಟ್ಟನು. ಕೊಲ್ಲುವುದಕ್ಕೆಂದು ಮಾಡಿದ್ದು ಬದುಕಿಸುವುದಕ್ಕೆ ಬಂತು; ಮೊದಲ ಮದ್ದು ಹೀಗೆ ಹುಟ್ಟಿತು.

ಎರಡನೆಯ ಮದ್ದಿನ ಕಥೆ ಸೊಪ್ಪಿನದು. ನಮ್ಮ ದೇಶಕ್ಕೂ ಸಂಬಂಧಪಟ್ಟದ್ದು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ೧೯೨೮ರಲ್ಲಿ ಮುಂಬಯಿಗೆ ಬಂದು, ಬಟ್ಟೆಗಿರಣಿಗಳ ಬಡ ಬಸುರಿಯರಿಗೆ ಬರುತ್ತಿದ್ದ ರಕ್ತಹೀನತೆಯನ್ನು ಪರೀಕ್ಷಿಸಿದಳು. ಯೀಸ್ಟಿನ ಸಾರವಾದ ಮಾರ್ಮೈಟನ್ನು ತಿನ್ನಿಸಿದರೆ ಅವರು ಚೇತರಿಸಿಕೊಳ್ಳುತ್ತಾರೆಂದು ೧೯೩೧ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದುದೇನೆಂಬುದು ಹತ್ತು ವರ್ಷ ಗೊತ್ತಾಗಲಿಲ್ಲ. ೧೯೪೧ರಲ್ಲಿ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ನು ಪಾಲಕ್ ಸೊಪ್ಪನ್ನು ಅರೆದು ಸೋಸಿ ಅತ್ಯಲ್ಪ ವಸ್ತುವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ನೆತ್ತರಿಗೆ ಬೇಕಾದ ಎಲೆಯ ಸತ್ವ ಅದು.

ಆ ಸತ್ವವನ್ನು ಪ್ರಯೋಗಾಲಯದಲ್ಲೇ ಕೃತಕವಾಗಿ ತಯಾರಿಸಿದ ಅಮೆರಿಕದ ತಂಡದ ನಾಯಕ, ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನೆತ್ತರಿಗೆ ಒಳ್ಳೆಯದಾದ ವಸ್ತು ನೆತ್ತರಿನ ಕ್ಯಾನ್ಸರಿಗೂ ಒಳ್ಳೆಯದಾದೀತೆಂದು ಯಾರಿಗಾದರೂ ತೋರುವುದು ಸಹಜ. ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಆ ಬಗೆಯ ವಸ್ತುಗಳನ್ನು ರೋಗಿ ಮಕ್ಕಳಿಗೆ ಕೊಟ್ಟು ನೋಡಿದನು. ರೋಗ ಇನ್ನೂ ಬೇಗ ಬೆಳೆದಂತೆ ಕಂಡಿತು! ಸೊಪ್ಪಿನ ಸತ್ವ ಮಗುವಿಗೂ ಆಹಾರ, ರೋಗಕ್ಕೂ ಆಹಾರ. ಹಾಗಾದರೆ ಆ ಸತ್ವವನ್ನು ತಡೆಯುವ ವಸ್ತುವೊಂದು ಬೇಕೆಂದು, ಸುಬ್ಬರಾಯರ ತಂಡ ತಯಾರಿಸಿದ್ದ ಅಮಿನೊಪ್ಟೆರಿನ್ನನ್ನು ಫಾರ್ಬರ್ ಪ್ರಯೋಗಿಸಿದನು. ೧೬ ಮಕ್ಕಳಲ್ಲಿ ೧೦ ಮಂದಿಗೆ, ಕೆಲಕಾಲದ ಮಟ್ಟಿಗಾದರೂ, ರೋಗ ಹಿಮ್ಮೆಟ್ಟಿತೆಂಬ ವರದಿ ೧೯೪೮ರ ಜೂನಿನಲ್ಲಿ ಪ್ರಕಟವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು.

ಕಥೆಗೆ ಇನ್ನೊಂದು ತಿರುವಿದೆ. ಅಮಿನೊಪ್ಟೆರಿನ್ನಿನ ತಮ್ಮನಾದ ಮೆಥೊಟ್ರೆಕ್ಸೇಟನ್ನು ಇಂದು ಕೆಲವು ಕ್ಯಾನ್ಸರುಗಳಿಗೆ ಬಹು ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ಹಾಗೆಯೇ ಬಿಟ್ಟರೆ ರೋಗಿ ಉಳಿಯುವಂತಿಲ್ಲ. ಸುಮಾರು ೨೪ ಗಂಟೆಗಳ ಬಳಿಕ, ಅದೇ ಎಲೆಯ ಸತ್ವದ ಬಂಧುವಾದ ಫೋಲಿನಿಕ್ ಆಮ್ಲವನ್ನು ಕೊಟ್ಟು ಒಳ್ಳೆಯ ಕೋಶಗಳನ್ನು ಬದುಕಿಸಿಕೊಳ್ಳುತ್ತಾರೆ. ಆಂಗ್ಲ ವೈದ್ಯರು ಇದಕ್ಕೆ ‘ಪಾರುಮಾಡುವಿಕೆ’ ಎಂಬರ್ಥದ ಹೆಸರಿಟ್ಟಿದ್ದಾರೆ. ಬೇಗ ಕೊಟ್ಟರೆ ಮದ್ದು ವ್ಯರ್ಥ. ತಡವಾದರೆ ಪ್ರಾಣಕ್ಕೆ ಅಪಾಯ. ಕೀಮೋಥೆರಪಿಯ ಉಪದ್ರವವನ್ನು ಎಲೆಯ ಸತ್ವ ತಗ್ಗಿಸಬಲ್ಲುದೇ ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರ ಹೀಗೆ ಎಂದೋ ‘ಹೌದು’ ಎಂದಿದೆ. ಜೊತೆಗೆ ‘ಯಾವಾಗ, ಎಷ್ಟು’ ಎಂಬ ಎರಡು ಪ್ರಶ್ನೆಗಳನ್ನೂ ಕೇಳಿದೆ.

ನಮ್ಮ ಅಂಗಳಗಳಲ್ಲಿ ವರ್ಷವಿಡೀ ಹೂಬಿಡುವ ನಿತ್ಯಪುಷ್ಪದ ಮಾತನ್ನೂ ಇಲ್ಲಿ ಸೇರಿಸಬೇಕು. ಜಮೈಕಾ ದ್ವೀಪದಲ್ಲಿ ಜನ ಸಿಹಿಮೂತ್ರಕ್ಕೆಂದು ಅದರ ಎಲೆಯ ಕಷಾಯ ಕುಡಿಯುತ್ತಿದ್ದರು. ಅಲ್ಲಿಂದ ಬಂದ ಎಲೆಗಳನ್ನು ಕೆನಡದ ನೋಬಲ್, ಬಿಯರ್ ಎಂಬ ವಿಜ್ಞಾನಿಗಳು ಪರೀಕ್ಷಿಸಿದಾಗ ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿಯ ರಕ್ತಕಣಗಳು ಇಳಿದವು. ೧೯೫೮ರಲ್ಲಿ ಬೆಳಕಿಗೆ ಬಂದ ಈ ಶೋಧದ ಹಾದಿಯಲ್ಲೇ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಮದ್ದುಗಳು ಬಂದವು. ಸೊಪ್ಪು ನಿರಪಾಯವೆಂದೂ ಆಸ್ಪತ್ರೆಯ ಮದ್ದು ಮಾತ್ರ ಉಗ್ರವೆಂದೂ ತಿಳಿಯುವವರು ಈ ಹೂವನ್ನು ಒಮ್ಮೆ ನೆನೆಯಬೇಕು. ಉಗ್ರವಾದ ಆ ಮದ್ದೇ ಒಂದು ಸೊಪ್ಪು.

ಇಷ್ಟು ಪೀಠಿಕೆಯ ಮೇಲೆ ಶುಂಠಿಯ ಕಷಾಯಕ್ಕೆ ಬರಬಹುದು. ೧೯೭೮ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸಿಸ್ಪ್ಲಾಟಿನ್ ಎಂಬ ಮದ್ದು ಅನೇಕರನ್ನು ಬದುಕಿಸಿತು. ಆದರೆ ಅದನ್ನು ತೆಗೆದುಕೊಂಡು ವಾಂತಿಯಾಗದವರೇ ವಿರಳ. ವಾಂತಿಗೆ ಹೆದರಿ ಚಿಕಿತ್ಸೆಯನ್ನೇ ಬಿಟ್ಟವರುಂಟು. ಮದ್ದು ಕರುಳಿನ ಗೋಡೆಗೆ ತಾಗಿದಾಗ ಅಲ್ಲಿಯ ಕೋಶಗಳು ಸಿರೊಟೋನಿನ್ ಎಂಬ ವಸ್ತುವನ್ನು ಸೂಸುತ್ತವೆ. ಅದು ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸಿ ಓಕರಿಕೆ ತರುತ್ತದೆ. ಈ ಸುದ್ದಿಯನ್ನು ನಡುದಾರಿಯಲ್ಲಿ ತಡೆಯುವ ಒಂಡನ್ಸೆಟ್ರಾನ್ ೧೯೯೧ರಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಬಂದ ಬಳಿಕ ರೋಗಿಗಳ ಸ್ಥಿತಿ ಎಷ್ಟೋ ಸುಧಾರಿಸಿತು. ಶುಂಠಿಯ ಖಾರಕ್ಕೆ ಕಾರಣವಾದ ಜಿಂಜರಾಲ್, ಶೋಗೋಲ್ ಎಂಬ ವಸ್ತುಗಳೂ ಅದೇ ಬಾಗಿಲನ್ನು ಸ್ವಲ್ಪಮಟ್ಟಿಗೆ ಮುಚ್ಚುತ್ತವೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಅಜ್ಜಿಯ ಮದ್ದು ಬರಿಯ ನಂಬಿಕೆಯದಲ್ಲ ಎಂದಾಯಿತು.

ಆದರೂ ತೂಗಿ ನೋಡಬೇಕಷ್ಟೆ. ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ಮೂಳೆಯ ಕ್ಯಾನ್ಸರಿನ ಮಕ್ಕಳಿಗೂ ತರುಣರಿಗೂ ಎಂದಿನ ವಾಂತಿಮಾತ್ರೆಗಳ ಜೊತೆಗೆ ಶುಂಠಿಪುಡಿ ಕೊಟ್ಟು, ಉಪದ್ರವ ತಗ್ಗಿತೆಂದು ೨೦೧೧ರಲ್ಲಿ ವರದಿ ಮಾಡಿದರು. ಅಮೆರಿಕದಲ್ಲಿ ೫೭೬ ರೋಗಿಗಳ ಲೆಕ್ಕ ತೆಗೆದು ೨೦೧೨ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಅರ್ಧ ಗ್ರಾಂ, ಒಂದು ಗ್ರಾಂ, ಒಂದೂವರೆ ಗ್ರಾಂ ಎಂದು ಮೂರು ಬಗೆಯಲ್ಲಿ, ಮದ್ದಿಗೆ ಮೂರು ದಿನ ಮೊದಲಿನಿಂದಲೇ ಶುಂಠಿ ಕೊಟ್ಟರು. ಮೊದಲ ದಿನದ ಓಕರಿಕೆ ಹೆಚ್ಚು ತಗ್ಗಿದುದು ಅರ್ಧ ಮತ್ತು ಒಂದು ಗ್ರಾಮಿನವರಲ್ಲಿ. ಒಂದೂವರೆ ಗ್ರಾಮಿನವರಲ್ಲಿ ಅಷ್ಟಿಲ್ಲ. ಹೆಚ್ಚು ಕೊಟ್ಟರೆ ಹೆಚ್ಚು ಗುಣವೆಂಬ ಲೆಕ್ಕ ಇಲ್ಲಿ ನಡೆಯಲಿಲ್ಲ. ೨೦೧೭ರ ಇಟಲಿಯ ಅಧ್ಯಯನದಲ್ಲಿ ಸಿಸ್ಪ್ಲಾಟಿನ್ ತೆಗೆದುಕೊಂಡವರಿಗೆ ಶುಂಠಿಯಿಂದ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಶುಂಠಿ ವಾಂತಿಮಾತ್ರೆಗೆ ಸಹಾಯಕ. ಅದರ ಜಾಗಕ್ಕೆ ಬರತಕ್ಕದ್ದಲ್ಲ.

ಇದೆಲ್ಲ ದೂರದ ಮಾತಾಯಿತೆಂದು ವಾಚಕರು ತಿಳಿಯಬಾರದು. ಈ ಹುಡುಕಾಟದ ಒಂದು ಮುಖ್ಯ ನೆಲೆ ನಮ್ಮ ಕರಾವಳಿಯೇ. ಕಿರಣಚಿಕಿತ್ಸೆಯಿಂದಲೂ ಸಿಸ್ಪ್ಲಾಟಿನ್ನಿನಿಂದಲೂ ಆಗುವ ಹಾನಿಯನ್ನು ತಡೆಯಲು ಅಮೆರಿಕದವರು ಅಮಿಫಾಸ್ಟಿನ್ ಎಂಬ ರಕ್ಷಕ ಮದ್ದನ್ನು ಮಾಡಿದ್ದರು. ಅದು ತಾನೇ ವಾಂತಿ ತರಿಸುತ್ತಿತ್ತು, ರಕ್ತದೊತ್ತಡ ಇಳಿಸುತ್ತಿತ್ತು. ಕಾಯುವವನನ್ನು ಕಾಯುವವರು ಬೇಕಾದಂತಾಯಿತು. ಮೃದುವಾದ ರಕ್ಷಕ ವಸ್ತು ಗಿಡಗಳಲ್ಲಿ ಸಿಕ್ಕೀತೇ ಎಂದು ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಪಿ. ಉಮಾದೇವಿ ಮತ್ತು ಸಂಗಡಿಗರು ತುಳಸಿಯ ಎಲೆಯನ್ನು ಹಿಡಿದರು. ಅದರ ಸಾರ ಇಲಿಗಳನ್ನು ವಿಕಿರಣದಿಂದ ಕಾಯುತ್ತದೆಂದು ೧೯೯೫ರಲ್ಲಿ ಪ್ರಕಟಿಸಿ, ಓರಿಯಂಟಿನ್, ವೈಸೆನಿನ್ ಎಂಬ ಎರಡು ವಸ್ತುಗಳವರೆಗೆ ಬೆನ್ನಟ್ಟಿ ಹೋದರು. ಅಲ್ಲಿಯೇ ಗಣೇಶ ಜಗೇತಿಯ, ಎಂ. ಎಸ್. ಬಾಳಿಗ ಮೊದಲಾದವರು ನೇರಳೆ, ಶುಂಠಿ, ಬಿಲ್ವಗಳನ್ನು ಪರೀಕ್ಷಿಸಿದರು. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಎಂಬ ಕೀಮೋ ಮದ್ದು ಇಲಿಗಳ ಮೂಳೆಮಜ್ಜೆಗೆ ಮಾಡುವ ಗಾಯವನ್ನು ಬಿಲ್ವದೆಲೆಯ ಸಾರ ತಗ್ಗಿಸುತ್ತದೆಂಬ ಅವರ ಲೇಖನ ೨೦೦೭ರದು. ಇಲಿಗೆ ಆದದ್ದು ಮನುಷ್ಯನಿಗೂ ಆದೀತೆಂದು ಮಾತ್ರ ಯಾರೂ ಅವಸರಪಡಬಾರದು.

ಅವರು ಪರೀಕ್ಷಿಸಿದ ಮರಗಳಲ್ಲಿ ಒಂದು ನಮಗೆ ಬಹು ಬೇಕಾದದ್ದು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ, ಬೆಳಕು ಹರಿಯುವ ಮೊದಲು, ಕಲ್ಲಿನಿಂದ ಜಜ್ಜಿ ತೆಗೆದ ಪಾಲೆಮರದ ತೊಗಟೆಯನ್ನು ಕರಿಮೆಣಸು, ಬೆಳ್ಳುಳ್ಳಿ, ಓಮಗಳೊಡನೆ ಅರೆದು ಕಷಾಯ ಕುಡಿಯುವ ರೂಢಿ ಎಲ್ಲರಿಗೂ ಗೊತ್ತು. ಸಂಸ್ಕೃತದ ಸಪ್ತಪರ್ಣವೇ ಈ ಪಾಲೆ. ಅದರ ಮರದಿಂದ ಮಕ್ಕಳ ಬರೆಯುವ ಹಲಗೆ ಮಾಡುತ್ತಿದ್ದುದರಿಂದ ಸಸ್ಯಶಾಸ್ತ್ರಜ್ಞರು ಅದರ ಹೆಸರಿಗೆ ‘ಸ್ಕಾಲಾರಿಸ್’ ಎಂದು ಸೇರಿಸಿದರು. ಜಗೇತಿಯ ಮತ್ತು ಬಾಳಿಗರು ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕ್ಯಾನ್ಸರ್ ಕೋಶಗಳ ಮೇಲೆ ಈ ತೊಗಟೆಯ ಪ್ರಭಾವ, ಅದನ್ನು ತೆಗೆದ ಋತುವಿನ ಮೇಲೆ ಹೆಚ್ಚು ಕಡಿಮೆಯಾಗುತ್ತದೆ. ಇಂಥ ದಿನವೇ ತೆಗೆಯಬೇಕೆಂಬ ರೂಢಿಯ ಹಿಂದೆ ಒಂದು ಅನುಭವವಿದ್ದಿರಬಹುದೆಂದು ನಮಗೆ ಹಿಗ್ಗಾಗುತ್ತದೆ. ಆದರೆ ಅದೇ ವಿದ್ವಾಂಸರು ೨೦೦೩ರಲ್ಲಿ ಇನ್ನೊಂದನ್ನೂ ತೋರಿಸಿದ್ದರು: ದೊಡ್ಡ ಪ್ರಮಾಣದಲ್ಲಿ ಅದು ಇಲಿಯ ಗರ್ಭದ ಮರಿಗಳನ್ನು ಕೆಡಿಸುತ್ತದೆ. ಹಿರಿಯರು ವರ್ಷಕ್ಕೆ ಒಂದೇ ದಿನ, ಒಂದೇ ಲೋಟವೆಂದು ಕಟ್ಟುಮಾಡಿ, ಉಷ್ಣ ತಣಿಯಲು ಮೆಂತೆಗಂಜಿಯನ್ನು ಹಿಂದೆಯೇ ಕುಡಿಸುತ್ತಿದ್ದರು. ನಿಜವಾದ ವೈದ್ಯವಿದ್ದುದು ತೊಗಟೆಯಲ್ಲಿರುವಷ್ಟೇ ಈ ಕಟ್ಟಿನಲ್ಲಿಯೂ. ಕಷಾಯವನ್ನು ಉಳಿಸಿಕೊಂಡು ಕಟ್ಟನ್ನು ಮರೆತರೆ ಪರಂಪರೆಯ ಅರ್ಧ ಮಾತ್ರ ಉಳಿದೀತು.

ಮನುಷ್ಯರ ಮೇಲೆ ನಡೆದ, ನಮಗೆ ಅತ್ಯಂತ ಹತ್ತಿರದ ಪ್ರಯೋಗವೊಂದನ್ನು ಹೇಳಲೇಬೇಕು. ಬಂಟ್ವಾಳ, ಬೆಳ್ತಂಗಡಿಗಳ ಬದುಕು ನಿಂತಿರುವುದೇ ಅಡಿಕೆಯ ಮೇಲೆ. ಆ ಅಡಿಕೆಯ ಜಗಿತ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಸಂಸ್ಥೆ ೨೦೦೪ರಲ್ಲಿ ಸಾರಿದುದು ನಮ್ಮವರಿಗೆ ನುಂಗಲಾರದ ತುತ್ತು. ಹೊಗೆಸೊಪ್ಪು ಸೇರಿದರಂತೂ ಕೇಳುವುದೇ ಬೇಡ. ಬಾಯಿ ಗಂಟಲುಗಳ ಕ್ಯಾನ್ಸರಿಗೆ ಕಿರಣವನ್ನೂ ಮದ್ದನ್ನೂ ಕೂಡಿಸಿ ಕೊಡುವಾಗ ಬಾಯೊಳಗೆಲ್ಲ ಹುಣ್ಣಾಗಿ, ಗಂಜಿಯ ತಿಳಿಯೂ ಇಳಿಯದಂತಾಗುತ್ತದೆ. ಮಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಆಂಕಾಲಜಿಯಲ್ಲಿ ಸುರೇಶ ರಾವ್, ಬಾಳಿಗ ಮೊದಲಾದವರು ಇಂಥ ೮೦ ರೋಗಿಗಳನ್ನು ನಲವತ್ತು ನಲವತ್ತಾಗಿ ಹಂಚಿ, ಒಂದು ಗುಂಪಿಗೆ ರೂಢಿಯ ಪೊವಿಡೋನ್ ಅಯೋಡಿನ್ ದ್ರಾವಣವನ್ನೂ ಇನ್ನೊಂದಕ್ಕೆ ಅರಿಶಿನದ ನೀರನ್ನೂ ಬಾಯಿ ಮುಕ್ಕಳಿಸಲು ಕೊಟ್ಟರು. ೨೦೧೪ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅರಿಶಿನದವರಲ್ಲಿ ತಡೆಯಲಾರದಂಥ ಹುಣ್ಣು ಕಡಿಮೆ, ಮೊದಲ ವಾರಗಳಲ್ಲಿ ಚಿಕಿತ್ಸೆ ನಡುವೆ ನಿಂತುದು ಕಡಿಮೆ, ಮೈತೂಕ ಇಳಿದುದು ಕಡಿಮೆ. ಅಡುಗೆಮನೆಯ ಡಬ್ಬಿಯಿಂದ ಎದ್ದ ಮದ್ದು ಲೆಕ್ಕಕ್ಕೆ ತಲೆಬಾಗಿ ಗೆದ್ದುದು ಹೀಗೆ.

ಇದನ್ನೋದಿ ಅರಿಶಿನದ ಗುಳಿಗೆಗಳನ್ನು ನುಂಗಲು ಹೊರಡುವವರಿಗೆ ಇನ್ನೊಂದು ಮಾತು. ಮುಕ್ಕಳಿಸಿ ಉಗುಳುವುದು ಬೇರೆ, ನುಂಗುವುದು ಬೇರೆ. ಅರಿಶಿನದ ಸತ್ವವಾದ ಕರ್ಕುಮಿನ್ನನ್ನು ಆಹಾರದಲ್ಲಿ ಬೆರೆಸಿ ತಿನ್ನಿಸಿದಾಗ, ಸ್ತನದ ಗಡ್ಡೆಯಿದ್ದ ಇಲಿಗಳಲ್ಲಿ ಸೈಕ್ಲೊಫಾಸ್ಫಮೈಡ್ ಎಂಬ ಮದ್ದಿನ ಬಲವೇ ಕುಂದಿತೆಂದು ೨೦೦೨ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಫೋಲಿಕ್ ಆಮ್ಲದ ಹಳೆಯ ಪಾಠವೇ ಇದು: ಒಳ್ಳೆಯ ಕೋಶವನ್ನು ಕಾಯುವ ಕೈ ಕೆಟ್ಟ ಕೋಶವನ್ನೂ ಕಾದೀತು. ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು ೨೦೨೧ರಲ್ಲಿ ವರದಿ ಮಾಡಿದರು; ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಿವಾದವಿರುವಾಗ ಕೀಮೋ ನಡೆಯುತ್ತಿರುವ ದೇಹವನ್ನು ಪರೀಕ್ಷೆಗೆ ಒಡ್ಡದಿರುವುದೇ ಲೇಸು. ತೋಟದ ಬದಿಯಿಂದ ಕಿತ್ತು ಹಸಿಯಾಗಿ ಅರೆದ ಒಂದೆಲಗದ ತಂಬುಳಿಯೂ, ಬಿಳಿಯ ರಕ್ತಕಣಗಳು ಕುಸಿದ ವಾರದಲ್ಲಿ, ಸೋಂಕಿನ ದಾರಿಯಾಗಬಹುದು. ಆ ದಿನಗಳಲ್ಲಿ ಬೇಯಿಸಿದ್ದನ್ನೇ ಉಣ್ಣಿರೆಂದು ವೈದ್ಯರು ಹೇಳುವುದು ತಂಬುಳಿಯ ಮೇಲಿನ ಹಗೆಯಿಂದಲ್ಲ.

ಈ ಚರಿತ್ರೆಯಿಂದ ನನಗೆ ತೋರುವುದು ಇಷ್ಟು. ಸೊಪ್ಪಿಗೆ ಶಕ್ತಿಯಿಲ್ಲವೆಂದು ನಗುವ ವೈದ್ಯನಿಗೆ ತನ್ನ ಕೈಯಲ್ಲಿರುವ ಮದ್ದಿನ ಹುಟ್ಟು ಗೊತ್ತಿಲ್ಲ. ಸೊಪ್ಪಿನಿಂದ ಅಪಾಯವೇ ಇಲ್ಲವೆನ್ನುವ ನಂಟನಿಗೆ ಸೊಪ್ಪಿನ ಶಕ್ತಿ ಗೊತ್ತಿಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡವಳು ರೋಗಿಯ ಮನೆಯ ಹೆಂಗಸು. ಬೈಗಳಿಗೆ ಅಂಜಿ ಅವಳು ಗುಟ್ಟಾಗಿ ಲೋಟ ಎತ್ತುತ್ತಾಳೆ. ಮಾತ್ರೆಗಳ ಚೀಟಿಯ ಹಿಂಬದಿಯಲ್ಲಿ, ಕೊಡುತ್ತಿರುವ ಕಷಾಯವೇನು, ಎಷ್ಟು, ದಿನಕ್ಕೆ ಎಷ್ಟು ಬಾರಿ ಎಂದು ನಾಲ್ಕು ಸಾಲು ಬರೆದು ವೈದ್ಯರ ಮುಂದಿಡುವ ಧೈರ್ಯ ಅವಳಿಗೆ ಬರಬೇಕು; ಅದನ್ನು ಬೈಯದೆ ಓದುವ ತಾಳ್ಮೆ ವೈದ್ಯರಿಗೆ ಬರಬೇಕು. ನೆರೆಮನೆಯ ಆ ಹಿರಿಯರಿಗೆ ಅಂದು ನಾನು ಹೇಳಿದುದೂ ಇಷ್ಟೇ: “ಕೊಡುವುದಿದ್ದರೆ ಕೇಳಿ ಕೊಡಿ. ಬೈದರೆ ಬೈಯಲಿ, ಅಮ್ಮ. ಸೊಸೆಯ ಜೀವಕ್ಕಿಂತ ಬೈಗಳು ದೊಡ್ಡದಲ್ಲ.”